ಗ್ರೈಂಡರ್ ಮುಟ್ಟಲು ಒಂದು ಜೊತೆ ಚಪ್ಪಲಿ

ಒದ್ದೆ ರಬ್ಬರಿನ ವಾಸನೆಗೂ ರುಬ್ಬಿದ ಉದ್ದಿನ ಹಿಟ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಳೆದ ಶನಿವಾರ ಸ್ವೀಡನ್ನಿನ ನಮ್ಮೂರು ಸೋಡರ್‌ಟೆಲ್ಯೆಯ ಈಜುಕೊಳದಲ್ಲಿ ಮಗಳಿಗಾಗಿ ಕಾಯುತ್ತ ಕುಳಿತಿದ್ದೆ. ಬಾಗಿಲ ಬಳಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳ ಕಡೆಯಿಂದ ಆ ವಾಸನೆ ಬಂತು, ನನಗೆ ಕೂಡಲೇ ದೋಸೆ ತಿನ್ನಬೇಕೆನಿಸಿತು. ಪಕ್ಕದಲ್ಲಿದ್ದ ಸ್ವೀಡಿಶ್ ಅಜ್ಜನಿಗೆ ಇದನ್ನು ವಿವರಿಸುವುದು ಕಷ್ಟ. ನಿಮಗಾದರೆ ಹೇಳಬಹುದು.

ಹತ್ತು ವರ್ಷದ ಕೆಳಗೆ ನಮ್ಮ ಮನೆಯ ಹವಾಯಿ ಚಪ್ಪಲಿ ಇರುತ್ತಿದ್ದುದು ಅಡುಗೆಮನೆಯಲ್ಲಿ, ಗ್ರೈಂಡರಿನ ಪಕ್ಕದಲ್ಲಿ. ಈ ದೇಶದಲ್ಲಿ ಮನೆಯೊಳಗೆ ಯಾರೂ ಪಾದರಕ್ಷೆ ಹಾಕುವುದಿಲ್ಲ, ನಾವೂ ಹಾಕುವವರಲ್ಲ. ಆದರೆ ಗ್ರೈಂಡರ್ ಮುಟ್ಟುವಾಗ ಮಾತ್ರ ಹಾಕಲೇಬೇಕಿತ್ತು. ಯಾಕೆಂದರೆ ಅದು ಜುಂ ಎನ್ನುತ್ತಿತ್ತು.

ಈ ‘ಜುಂ’ ಎಂಬ ಮಾತನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ದಾವಣಗೆರೆಯ ನಮ್ಮ ಮನೆಯ ಫ್ರಿಜ್ ಜುಂ ಎನ್ನುತ್ತಿತ್ತು, ಮಾವನ ಮನೆಯ ವಾಷಿಂಗ್ ಮೆಷಿನ್ನೂ ಅಷ್ಟೇ. ‘ಶಾಕ್ ಹೊಡೀತು’ ಅಂದರೆ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕಾಗುತ್ತದೆ. ‘ಜುಂ ಅಂತು’ ಅಂದರೆ ಚಪ್ಪಲಿ ಹಾಕಿಕೊಂಡರೆ ಸಾಕು. ಒಂದೇ ಕರೆಂಟಿಗೆ ನಾವು ಎರಡು ಹೆಸರಿಟ್ಟು, ಒಂದನ್ನು ಮನೆಯವರ ಹಾಗೆ ಸಾಕಿಕೊಂಡಿದ್ದೆವು.

ಗ್ರೈಂಡರ್ ನನ್ನ ಹೆಂಡತಿ ಸುಮಾಳ ಆಸ್ತಿ. ಚಳಿಗಾಲದ ಕೋಟುಗಳನ್ನು ಸೂಟ್‌ಕೇಸಿನಿಂದ ತೆಗೆದುಹಾಕಿ, ಅದರ ಕಲ್ಲನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ ತಂದವಳು ಅವಳು. ಆ ಮೊದಲ ಚಳಿಗಾಲ ನಾವು ನಡುಗುತ್ತ ದೋಸೆ ತಿಂದೆವು. ಇಲ್ಲಿನ ಗೋಡೆಗೆ ಎರಡೇ ತೂತು, ನಮ್ಮ ಪ್ಲಗ್ಗಿಗೆ ಮೂರು ಪಿನ್ನು. ನಡುವೆ ವಿಮಾನ ನಿಲ್ದಾಣದಲ್ಲಿ ಕೊಂಡ ಒಂದು ಅಡಾಪ್ಟರ್. ಮೂರನೆಯ ದಪ್ಪ ಪಿನ್ನು ಅದರೊಳಗೆ ಹೋಗಿ ಸುಮ್ಮನೆ ಕೂರುತ್ತಿತ್ತು, ಅಲ್ಲಿಂದಾಚೆಗೆ ಅದಕ್ಕೆ ದಾರಿಯೇ ಇರಲಿಲ್ಲ.

ಇಷ್ಟೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ನಾಚಿಕೆಗೇಡಿನ ವಿಷಯವೇ ಅದು. ಆಗಲೂ ಈಗಲೂ ನನ್ನ ಕೆಲಸ ಟ್ರಕ್ ಕಾರ್ಖಾನೆಯಲ್ಲಿ, ಬ್ಯಾಟರಿ ವಿಭಾಗದಲ್ಲಿ. ಅಲ್ಲಿ ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ಲಿನ ಹತ್ತಿರ ಹೋಗಬೇಕಾದರೆ ಕೈಗವಸಿನೊಳಗೆ ಗಾಳಿ ತುಂಬಿ, ತೂತಿಲ್ಲವೆಂದು ನೋಡಿಕೊಂಡೇ ಹಾಕಿಕೊಳ್ಳಬೇಕು. ಹೊಸದಾಗಿ ಸೇರಿದವರಿಗೆ ಇದನ್ನೆಲ್ಲ ಗಂಭೀರ ಮುಖ ಮಾಡಿಕೊಂಡು ಪಾಠ ಹೇಳುತ್ತಿದ್ದವನು ನಾನೇ. ಪಾಠ ಮುಗಿಸಿ ಮನೆಗೆ ಬಂದು ಹವಾಯಿ ಚಪ್ಪಲಿ ಮೆಟ್ಟಿ ಉದ್ದು ರುಬ್ಬುತ್ತಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ಗುನಿಲ್ಲಾ ಎಂಬ ಹಿರಿಯ ಮಹಿಳೆಯಿದ್ದರು. ಜೀವನವಿಡೀ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತರಾದವರು. ಒಂದು ಭಾನುವಾರ ದೋಸೆ ಕಲಿಯುತ್ತೇನೆಂದು ಹತ್ತಿ ಬಂದರು. ಗ್ರೈಂಡರ್ ತಿರುಗುತ್ತಿತ್ತು. ಅವರು ಹಿಟ್ಟು ನೋಡಲು ಬಾಗುತ್ತಿದ್ದಂತೆ ಸುಮಾ ಗಾಬರಿಯಿಂದ ಚಪ್ಪಲಿಯನ್ನು ಅವರ ಕಾಲಬಳಿ ತಳ್ಳಿದಳು. ಗುನಿಲ್ಲಾ ಇದು ಹಿಂದೂಗಳ ಅಡುಗೆಮನೆಯ ಮಡಿ ಇರಬೇಕೆಂದುಕೊಂಡರು. ಭಕ್ತಿಯಿಂದ ಮೆಟ್ಟಿ, ಈ ಸಂಪ್ರದಾಯದ ಅರ್ಥವೇನೆಂದು ಮೆಲ್ಲಗೆ ಕೇಳಿದರು.

ಉತ್ತರ ಕೊಟ್ಟವಳು ನಾಲ್ಕು ವರ್ಷದ ಮಗಳು ಇರಾ, ದಾಗಿಸ್ ಎಂಬ ಇಲ್ಲಿನ ಶಿಶುವಿಹಾರದಲ್ಲಿ ಕಲಿತ ಅಚ್ಚ ಸ್ವೀಡಿಶ್‌ನಲ್ಲಿ: “ಹಾಕ್ಕೊಳ್ದಿದ್ರೆ ಅದು ಕಚ್ಚುತ್ತೆ.”

ಗುನಿಲ್ಲಾ ಅವಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕುಳಿತರು. “ಹೌದಾ? ಹಾಗಾದ್ರೆ ನಿನ್ನ ಚಪ್ಪಲಿ ಎಲ್ಲಿ?”

“ನಂಗಿಲ್ಲ,” ಅಂದಳು ಇರಾ. “ನಾನು ಒಂದೇ ಬೆರಳಲ್ಲಿ ಮುಟ್ಟೋದು.”

ಮಗು ಅದನ್ನು ಮುಟ್ಟುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಗುನಿಲ್ಲಾ ಕೂಡಲೇ ಎದ್ದು ಪ್ಲಗ್ ಕಿತ್ತರು. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದಕ್ಕೆ ಯೂರ್ಡ್ ಇಲ್ಲ,” ಅಂದರು.

ಯೂರ್ಡ್ ಎಂಬ ಪದ ಸುಮಾಳಿಗೆ ಚೆನ್ನಾಗಿ ಗೊತ್ತು. ಬಾಲ್ಕನಿಯ ಕೊತ್ತಂಬರಿಗೆಂದು ಅವಳು ಕೊಳ್ಳುವ ಮಣ್ಣಿನ ಚೀಲದ ಮೇಲೆ ಅದೇ ಬರೆದಿರುತ್ತದೆ. ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: “ಗ್ರೈಂಡರಿಗೆ ಯಾಕ್ರೀ ಮಣ್ಣು?”

“ಅರ್ತಿಂಗ್ ಕಣೇ. ಅರ್ತಿಂಗ್ ಇಲ್ಲ ಅಂತಿದಾರೆ.”

“ಅದು ನಿಮಗೆ ಗೊತ್ತಿರ್ಲಿಲ್ವಾ? ಇಂಜಿನಿಯರ್ ಅಲ್ವೇನ್ರೀ ನೀವು?”

ನಾನು ಅಡಾಪ್ಟರನ್ನು ಕಸದ ಡಬ್ಬಿಗೆ ಹಾಕುವ ನೆಪದಲ್ಲಿ ಅತ್ತ ತಿರುಗಿದೆ.

ಗುನಿಲ್ಲಾ ಕೆಳಗೆ ಹೋಗಿ ಸಲಕರಣೆಯ ಪೆಟ್ಟಿಗೆ ತಂದು ಗ್ರೈಂಡರಿನ ತಳ ಬಿಚ್ಚಿದರು. ಒಳಗೆ ವರ್ಷಗಳ ಹಿಟ್ಟು ಒಣಗಿ ಕೂತಿತ್ತು, ಅದರ ಕೆಳಗೆ ಸಿಪ್ಪೆ ಸುಲಿದ ಒಂದು ತಂತಿ. “ಒಂದು ದಿನ ಒದ್ದೆ ಕೈಯಲ್ಲಿ ಇದನ್ನ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ನಲ್ಲಿ ಮುಟ್ಟಿದ್ರೆ...” ಎಂದು ನಿಲ್ಲಿಸಿದರು. ಮಿಕ್ಕಿದ್ದು ನನಗೆ ಗೊತ್ತಿತ್ತು, ಪಾಠದಲ್ಲಿ ಅದನ್ನು ಚಿತ್ರ ಸಮೇತ ತೋರಿಸುತ್ತೇನೆ. ಅವರು ತಂತಿ ಬದಲಿಸಿ, ಮೂರನೆಯ ಪಿನ್ನಿನ ಬದಲು ಅಂಚಿನ ಲೋಹದ ಪಟ್ಟಿಯಿಂದ ಅರ್ತಿಂಗ್ ಸಿಗುವ ಇಲ್ಲಿಯದೇ ಪ್ಲಗ್ ಹಾಕಿ, ಮೀಟರ್ ಇಟ್ಟು ನೋಡಿದ ಮೇಲೆಯೇ ದೋಸೆಗೆ ಕೈ ಹಾಕಿದ್ದು. ಅವರ ಮೊದಲ ದೋಸೆ ಸ್ವೀಡನ್ನಿನ ನಕ್ಷೆಯ ಹಾಗೆ ಉದ್ದಕ್ಕೆ ಬಂತು. ದಕ್ಷಿಣದ ತುದಿ ಸ್ವಲ್ಪ ಸೀದಿತ್ತು. ಅದನ್ನೂ ಬಿಡದೆ ತಿಂದರು.

ಅಂದು ಸಂಜೆ ಇರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಯಾವ ಬೆರಳು ಎಂದು ಕೇಳಿದೆ. ಬಲಗೈಯ ತೋರುಬೆರಳು ತೋರಿಸಿದಳು. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ, ಅವಳೇ ಬೇಸತ್ತು ಬಿಡಿಸಿಕೊಂಡು ಆಡಲು ಓಡಿದಳು.

ಶನಿವಾರ ಈಜು ಮುಗಿಸಿ ಬಂದ ಹದಿನಾಲ್ಕರ ಇರಾಳಿಗೆ ಬಸ್ಸಿನಲ್ಲಿ ಈ ಕತೆಯನ್ನೆಲ್ಲ ಹೇಳಿದೆ. ಅವಳಿಗೆ ಏನೂ ನೆನಪಿರಲಿಲ್ಲ. “ನೀನಾ ಅಪ್ಪಾ? ಸೇಫ್ಟಿ ಪಾಠ ಮಾಡೋ ನೀನಾ?” ಎಂದು ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು. ನಗು ನಿಂತ ಮೇಲೆ ಕೇಳಿದಳು: “ಆಫೀಸಲ್ಲಿ ಇದನ್ನ ಹೇಳಿದೀಯಾ?”

ಹತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಮರ್ಯಾದೆಯ ಪ್ರಶ್ನೆ ನೋಡಿ. ಸೋಮವಾರ ಹೊಸಬರ ಪಾಠದಲ್ಲಿ ಹೇಳಿದೆ. ಕಿತ್ತಳೆ ಕೇಬಲ್ಲಿನ ಚಿತ್ರ ತೋರಿಸುವ ಮೊದಲೇ ನನ್ನ ಗ್ರೈಂಡರಿನಿಂದ ಶುರು ಮಾಡಿದೆ. ಸ್ವೀಡಿಶ್ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ನಗಲಿಲ್ಲ. ಹುಬ್ಬಳ್ಳಿಯವಳು, ಹೋದ ತಿಂಗಳಷ್ಟೇ ಗಂಡ ಮತ್ತು ಮಗುವಿನ ಜೊತೆ ಬಂದವಳು. ‘ಒಂದೇ ಬೆರಳು’ ಎಂಬಲ್ಲಿಗೆ ಬಂದಾಗ ಅವಳು ಕುರ್ಚಿ ಸರಿಸಿ ಎದ್ದು, ಫೋನ್ ಹಿಡಿದು ಹೊರಗೆ ನಡೆದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆ ಕೋಣೆಯಲ್ಲಿ ಕನ್ನಡ ಗೊತ್ತಿದ್ದವನು ನಾನೊಬ್ಬನೇ.

“ರೀ, ಆ ಮಿಕ್ಸಿ ಪ್ಲಗ್ ಕಿತ್ತು ಮೇಲಿಡ್ರಿ. ಯಾಕ ಅಂತ ಆಮೇಲೆ ಹೇಳ್ತೀನಿ. ಮೊದ್ಲು ಮಗೂನ ಎತ್ಕೊಳ್ರಿ.”