ಪಾರ್ಕಿಂಗ್ ಜಾಗ ಹಿಡಿದ ರಟ್ಟಿನ ಪೆಟ್ಟಿಗೆ

ಎರಡು ವರ್ಷಗಳ ಹಿಂದಿನ ಅಕ್ಟೋಬರ್ ತಿಂಗಳಲ್ಲಿ ನಡೆದದ್ದು. ಇವತ್ತಿಗೂ ಸಂಜೆ ಹೊತ್ತು ಎಲ್ಲಾದರೂ ಅಲಾರಾಂ ಹೊಡೆದರೆ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ನೆಲಕ್ಕೆ ಬಗ್ಗುತ್ತೇನೆ. ಈಚೆಗೆ ಹೀಗೆ ಬಗ್ಗಿದಾಗ ಒಂದು ಪಾತ್ರೆ ಸಾರು ಅಡುಗೆಮನೆಯ ತುಂಬ ಹರಿಯಿತು. "ಮತ್ತೆ ಶುರುವಾಯ್ತಾ ನಿಂದು?" ಎಂದು ನನ್ನ ಗಂಡ ದಿನೇಶ್ ನಕ್ಕರು. ನಗುವ ಹಕ್ಕು ಅವರಿಗಿಲ್ಲ. ಆ ದಿನದ ಎಲ್ಲ ಅವಾಂತರಕ್ಕೂ ಅವರೇ ಕಾರಣ.

ನಾವು ಮಂಗಳೂರು ಕಡೆಯವರು. ಈಗ ಇರುವುದು ಕತಾರಿನ ಅಲ್ ವಕ್ರಾದಲ್ಲಿ. ಎಂ.ಎಸ್ಸಿ. ಓದುವಾಗ ನಾನೊಂದು ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ. ಅಲ್ಲಿನ ವಾರ್ಡನ್ ಸಿಸ್ಟರ್ ಬೆನಡಿಕ್ಟಾ. ಬೆಳಕು ಹರಿಯುವ ಮೊದಲೇ ಹಿತ್ತಾಳೆ ಗಂಟೆ ಬಾರಿಸುತ್ತಾ ಮಂಚಗಳ ನಡುವೆ ನಡೆದುಬರುತ್ತಿದ್ದರು. ಹೊದಿಕೆಯೊಳಗೆ ಅಡಗಿದವರ ಕಿವಿಯ ಪಕ್ಕದಲ್ಲೇ ನಿಂತು ಇನ್ನೊಮ್ಮೆ ಬಾರಿಸುತ್ತಿದ್ದರು. ಸುಳ್ಳು ಹೇಳಿದರೆ ಮಾತ್ರ ಅವರಿಗೆ ಕೋಪ ಬರುತ್ತಿತ್ತು. ಆಮೇಲೆ ಅವರನ್ನು ಅವರ ಸನ್ಯಾಸಿನಿಯರ ಸಭೆಯವರು ಕೀನ್ಯಾಕ್ಕೆ ಕಳಿಸಿದರು. ಕಿಸುಮು ಎಂಬ ಊರಿನ ಆಚೆಯ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಎಚ್‌ಐವಿ ಇರುವ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ತಂದೆತಾಯಿ ಇಲ್ಲದೆ ಅಜ್ಜಿಯಂದಿರ ಜೊತೆ ಬೆಳೆಯುವ ಮಕ್ಕಳೇ ಹೆಚ್ಚು.

ಆ ವರ್ಷ ರಜೆಗೆ ಊರಿಗೆ ಬಂದಿದ್ದ ಸಿಸ್ಟರ್ ವಾಪಸ್ ಹೋಗುವಾಗ ದೋಹಾದಲ್ಲಿ ಒಂದು ಹಗಲು ಇಳಿಯುವವರಿದ್ದರು. ಹೊರಡುವ ಮೊದಲು ನನಗೊಂದು ಮೆಸೇಜ್ ಹಾಕಿದರು: "ನಿನಗೆ ಉಪದ್ರ ಕೊಡ್ಲಿಕ್ಕೆ ಬರ್ತಾ ಇದ್ದೇನೆ. ಅಲಾರಾಂ ಗಡಿಯಾರ ಬೇಕು. ಚಂದದ್ದು ಬೇಡ, ಗಲಾಟೆ ಮಾಡುವಂಥದ್ದು."

ಬೂದು ಬಣ್ಣದ ಸೀರೆ, ದಪ್ಪ ಕನ್ನಡಕ, ಒಂದು ಕೈಚೀಲ. ಮನೆಗೆ ಬಂದ ಸಿಸ್ಟರ್‌ಗೆ ನೀರುದೋಸೆ, ಕೋಳಿ ಸಾರು ಬಡಿಸಿದರೆ ಕೋಳಿ ಸಾರನ್ನು ಪಕ್ಕಕ್ಕೆ ಸರಿಸಿದರು.

"ಎಂತ ಸಿಸ್ಟರ್, ಕೋಳಿ ಬಿಟ್ರಾ?" ಎಂದೆ.

"ಬಿಡಿಸಿತು ಮಾರಾಯ್ತಿ. ಅದೇ ಕಥೆ ಹೇಳ್ಲಿಕ್ಕುಂಟು."

ಆ ಮಕ್ಕಳು ಬೆಳಿಗ್ಗೆ ಮತ್ತು ಸಂಜೆ ಸರಿಯಾಗಿ ಏಳು ಗಂಟೆಗೆ ಮಾತ್ರೆ ನುಂಗಬೇಕು. ಗಂಟೆ ತಪ್ಪುತ್ತಾ ಹೋದರೆ ವೈರಸ್ಸಿಗೆ ಮಾತ್ರೆಯ ಪರಿಚಯವಾಗಿ, ಆಮೇಲೆ ಅದು ಮಾತ್ರೆಗೆ ಹೆದರುವುದಿಲ್ಲವಂತೆ. ಎಷ್ಟೋ ಮನೆಗಳಲ್ಲಿ ಗಡಿಯಾರವಿಲ್ಲ. ಫೋನ್ ಇದ್ದರೆ ಅದು ಕೆಲಸಕ್ಕೆ ಹೋದವರ ಜೇಬಿನಲ್ಲಿ. ಅಕಿನಿ ಎಂಬ ಹುಡುಗಿಯ ಮನೆಯಲ್ಲಿ ಅದಕ್ಕೂ ಒಂದು ವ್ಯವಸ್ಥೆ ಇತ್ತು. ಹುಂಜ ಕೂಗಿ ಬಿಸಿಲು ಬಾಗಿಲಿಗೆ ಬಿದ್ದರೆ ಬೆಳಗಿನ ಮಾತ್ರೆ, ಹುಂಜ ಬುಟ್ಟಿಯೊಳಗೆ ಸೇರಿದರೆ ಸಂಜೆಯದ್ದು. ಅಜ್ಜಿ ಒಂದು ದಿನವೂ ತಪ್ಪಿಸಿದವಳಲ್ಲ.

"ನಾನು ಅವಳನ್ನು ಹೊಗಳ್ಲಿಕ್ಕೆ ಅಂತ ಮನೆಗೆ ಹೋದೆ. ಅಜ್ಜಿಗೆ ಖುಷಿಯೋ ಖುಷಿ. ನನಗೆ ಊಟ ಹಾಕದೆ ಬಿಡ್ಲಿಲ್ಲ. ಎಂಥ ರುಚಿ ಗೊತ್ತುಂಟಾ, ಎರಡು ಸಲ ಹಾಕಿಸಿಕೊಂಡೆ. ಮುಂದಿನ ತಿಂಗಳು ನೋಡ್ತೇನೆ, ಅಕಿನಿಯ ರಕ್ತದ ರಿಪೋರ್ಟು ಹಾಳು. ಎಂತ ಆಯ್ತು ಅಜ್ಜಿ ಅಂತ ಕೇಳಿದ್ರೆ, ಹುಂಜ ಎಲ್ಲುಂಟು ಸಿಸ್ಟರ್, ನೀವು ತಿಂದಿರಲ್ಲ ಅಂದಳು." ಸಿಸ್ಟರ್ ಹಣೆ ಚಚ್ಚಿಕೊಂಡರು. "ಗಡಿಯಾರವನ್ನೇ ತಿಂದು ಬಂದೆ ನಾನು!"

ನಾವು ನಕ್ಕೆವು. ಅವರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು. "ಈಗಿನ ಮಾತ್ರೆಯೂ ಕೆಲಸ ಮಾಡದಿದ್ರೆ ಆ ಮಗುವಿಗೆ ಕೊಡ್ಲಿಕ್ಕೆ ಬೇರೆ ಹೆಚ್ಚು ಮದ್ದಿಲ್ಲ. ಈ ಸಲ ಗಡಿಯಾರ ತೆಗೆದುಕೊಂಡೇ ಹೋಗಬೇಕು."

ಸಂಜೆ ಮೂವರೂ ದೋಹಾ ಅಲ್ ಜದೀದಾ ಎಂಬ ಹಳೆಯ ಬಡಾವಣೆಗೆ ಹೋದೆವು. ಅಲ್ಲಿ ಉಳ್ಳಾಲದ ಹಮೀದಣ್ಣನ ಅಂಗಡಿಯಿದೆ. ಬಾಚಣಿಗೆಯಿಂದ ಸೂಟ್‌ಕೇಸಿನವರೆಗೆ ಎಲ್ಲ ಸಿಗುವ ಅಂಗಡಿ. ಮಹಡಿಯಲ್ಲಿ ಅಲಾರಾಂ ಗಡಿಯಾರಗಳು ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದವು. ತಲೆಯ ಮೇಲೆ ಎರಡು ಬಟ್ಟಲು ಕವುಚಿದ, ನಡುವೆ ಸುತ್ತಿಗೆ ಆಡುವ, ಹಳೆಯ ನಮೂನೆಯವು.

"ಫೋನ್ ಬಂದ ಮೇಲೆ ಇದನ್ನು ಕೇಳುವವರೇ ಮಾಫಿ, ಒಬ್ಬರೂ ಇಲ್ಲ," ಎಂದು ಹಮೀದಣ್ಣ ಒಂದೊಂದೇ ಒರೆಸಿ ಇಟ್ಟರು. ನಾನು ಪರ್ಸ್ ತೆರೆದೆ. "ಮಕ್ಕಳ ಮದ್ದಿಗಲ್ವಾ ಅಕ್ಕ? ಹಾಗಾದ್ರೆ ದುಡ್ಡಿನ ಮಾತು ಖಲಾಸ್. ಪರ್ಸ್ ಒಳಗೆ ಹಾಕಿ."

ಇಲ್ಲಿಂದ ನನ್ನ ಗಂಡನ ಪ್ರವೇಶ. ಕಂಪನಿಯಲ್ಲಿ ಅವರದ್ದು ಕ್ವಾಲಿಟಿ ಕಂಟ್ರೋಲ್ ವಿಭಾಗ. ಮೂವತ್ತರ ಮೇಲಿದ್ದ ಗಡಿಯಾರಗಳಿಗೆಲ್ಲ ಸೆಲ್ ಹಾಕಿದರು, ಸಮಯ ಹೊಂದಿಸಿದರು. "ಕೀನ್ಯಾಕ್ಕೂ ಕತಾರಿಗೂ ಒಂದೇ ಟೈಮ್ ಸಿಸ್ಟರ್, ಎಷ್ಟು ಸುಲಭ ನೋಡಿ!" ಎಂದು ಎಲ್ಲದರಲ್ಲೂ ಏಳು ಗಂಟೆಗೆ ಅಲಾರಾಂ ಇಟ್ಟು ಗುಂಡಿ ಒತ್ತಿದರು.

"ಸೆಲ್ ತೆಗೆದು ಬೇರೆ ಇಡಿ ಮಾರಾಯ್ರೆ," ಎಂದೆ.

"ಅಲ್ಲಿ ಅಜ್ಜಿಯಂದಿರು ಸೆಲ್ ಉಲ್ಟಾ ಹಾಕಿದ್ರೆ? ಬಾಕ್ಸ್ ಒಡೆದ ಕೂಡಲೇ ನಡೀಬೇಕು. ಅದು ಕ್ವಾಲಿಟಿ."

ಏಳು ಗಂಟೆ ದಿನಕ್ಕೆ ಎರಡು ಸಲ ಬರುತ್ತದೆ, ಅದರಲ್ಲೊಂದು ಇನ್ನೇನು ಬರಲಿದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮತ್ತೆ ಪ್ಯಾಕಿಂಗ್. ಗಲ್ಫಿನಿಂದ ಊರಿಗೆ ಬಾಕ್ಸ್ ಕಟ್ಟುವುದರಲ್ಲಿ ದಿನೇಶ್‌ಗೆ ನಮ್ಮ ಬಿಲ್ಡಿಂಗಿನಲ್ಲಿ ದೊಡ್ಡ ಹೆಸರು. ಗಡಿಯಾರಗಳ ನಡುವೆ ಹಳೆಯ ಟವೆಲ್ ತುರುಕಿ, ರಟ್ಟಿನ ಪೆಟ್ಟಿಗೆಯ ಮೇಲೆ ರಟ್ಟು ಕಾಣದಷ್ಟು ಕಂದು ಟೇಪ್ ಸುತ್ತಿ, ಅದರ ಮೇಲೆ ನೈಲಾನ್ ಹಗ್ಗದ ಬಲೆ ಹೆಣೆದರು. ಒಳಗಿನಿಂದ ನೂರಾರು ಗೆದ್ದಲು ಒಟ್ಟಿಗೆ ಮರ ತಿನ್ನುವಂಥ ಸದ್ದು ಬರುತ್ತಿತ್ತು. ನಾವು ಅದಕ್ಕೆ ಒಗ್ಗಿಹೋಗಿದ್ದೆವು.

ಹಮೀದಣ್ಣ ಶಟರ್ ಎಳೆದು ನಮಾಜಿಗೆ ಹೋದರು. ನಮ್ಮ ಕಾರು ನಾಲ್ಕು ಗಲ್ಲಿಯಾಚೆ ಇತ್ತು. ಜದೀದಾದಲ್ಲಿ ಪಾರ್ಕಿಂಗ್ ಸಿಗುವುದು ಎಂದರೆ ಲಾಟರಿ ಹೊಡೆದಂತೆ. ಅಷ್ಟರಲ್ಲಿ ಪಕ್ಕದ ಬ್ಯಾಂಕಿನ ಎಟಿಎಂ ಎದುರು ಒಂದು ಕಾರು ಹೊರಟು ಜಾಗ ಖಾಲಿಯಾಯಿತು. ದಿನೇಶ್ ಓಡಿಹೋಗಿ ಪೆಟ್ಟಿಗೆಯನ್ನು ಆ ಜಾಗದ ನಟ್ಟನಡುವೆ ಇಟ್ಟರು. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರು ನಾವು. ಆ ಬುದ್ಧಿ ಸಮುದ್ರ ದಾಟಿದರೂ ಹೋಗುವುದಿಲ್ಲ.

"ಇಲ್ಲೇ ಇರಿ, ಯಾರನ್ನೂ ನುಗ್ಗಲಿಕ್ಕೆ ಬಿಡಬೇಡಿ. ಈಗ ಕಾರು ತರ್ತೇನೆ," ಎಂದು ಹೋದರು.

ಅಕ್ಟೋಬರ್ ಆದರೂ ಗಾಳಿ ಬೆವರಿನಿಂದ ಒದ್ದೆಯಾದ ಬಟ್ಟೆಯಂತಿತ್ತು. ಸಿಸ್ಟರ್ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಎದುರಿಗೇ ಒಂದು ಚಹಾದಂಗಡಿ. "ಒಳಗೆ ಎಸಿ ಉಂಟು, ಒಂದು ಕರಕ್ ಚಾ ಕುಡಿಯುವ ಸಿಸ್ಟರ್. ಇಲ್ಲಿ ಯಾರೂ ಕದಿಯುದಿಲ್ಲ," ಎಂದೆ. ಕದಿಯುವುದಿಲ್ಲ, ನಿಜ. ಆದರೆ ನೋಡುತ್ತಾರೆ.

ಚಹಾ ಮುಗಿಸಿ ಹೊರಗೆ ಬಂದಾಗ ನನ್ನ ಕನ್ನಡಕ ಪೂರ್ತಿ ಮಂಜಾಯಿತು. ತೆಗೆದು ಒರೆಸಿ ಹಾಕಿಕೊಂಡರೆ, ರಸ್ತೆಯಲ್ಲಿ ಜನವೇ ಇಲ್ಲ. ಎಲ್ಲರನ್ನೂ ಅಂಗಡಿಗಳ ಅಂಚಿಗೆ ಅಟ್ಟಿದ್ದರು. ಪೆಟ್ಟಿಗೆಯ ಸುತ್ತ ದೊಡ್ಡದೊಂದು ವೃತ್ತವಾಗಿ ಪಟ್ಟೆ ಟೇಪ್ ಕಟ್ಟಿದ್ದರು. ಪೊಲೀಸ್ ಗಾಡಿಯ ಕೆಂಪು ನೀಲಿ ದೀಪ ತಿರುಗುತ್ತಿತ್ತು. ಬ್ಯಾಂಕಿನ ಕಾವಲುಗಾರ, ಎತ್ತರದ ಆಫ್ರಿಕನ್ ಯುವಕ, ತನ್ನ ಕಿವಿಯನ್ನೂ ಪೆಟ್ಟಿಗೆಯನ್ನೂ ತೋರಿಸುತ್ತಾ ಅಧಿಕಾರಿಗೆ ಏನೋ ಹೇಳುತ್ತಿದ್ದ. ವಾರಸುದಾರರಿಲ್ಲದ ಪೆಟ್ಟಿಗೆ, ಮೈತುಂಬ ಟೇಪ್, ಒಳಗೆ ಟಿಕ್ ಟಿಕ್, ಎದುರಿಗೆ ಬ್ಯಾಂಕು. ಅವನ ಜಾಗದಲ್ಲಿ ನಾನಿದ್ದರೂ ಪೊಲೀಸರನ್ನೇ ಕರೆಯುತ್ತಿದ್ದೆ.

ಜೈಲು, ಗಂಡನ ಕೆಲಸ, ಮಗಳ ಶಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಪಕ್ಕದಲ್ಲಿದ್ದ ಕೇರಳದ ಒಬ್ಬರು ಹೇಳಿದರು, "ಬಾಂಬಿನವರು ಬರ್ತಿದ್ದಾರಂತೆ. ಬಿಚ್ಚುದಿಲ್ಲ, ದೂರದಿಂದಲೇ ಹೊಡೆದು ಪುಡಿ ಮಾಡ್ತಾರೆ."

ನಾನು ಅದನ್ನು ಸಿಸ್ಟರ್‌ಗೆ ಹೇಳಲು ತಿರುಗಿದೆ. ಸಿಸ್ಟರ್ ಇರಲಿಲ್ಲ.

ಅವರು ಟೇಪಿನ ಕೆಳಗೆ ನುಸುಳಿ ಆಗಲೇ ಒಳಗಿದ್ದರು. ಬೂದು ಸೀರೆಯ ಒಂದು ಪುಟ್ಟ ಆಕೃತಿ, ಖಾಲಿ ರಸ್ತೆಯ ನಡುವೆ, ಪ್ರಾರ್ಥನೆಗೆ ತಡವಾದವರ ನಡಿಗೆಯಲ್ಲಿ ಹೋಗುತ್ತಿತ್ತು. "ಸ್ಟಾಪ್!" ಎಂದು ಅಧಿಕಾರಿ ಕೂಗಿದರು. ಅರಬ್ಬಿಯಲ್ಲಿ ಕೂಗಿದರು, ಹಿಂದಿಯಲ್ಲಿ ಕೂಗಿದರು. ಒಂದು ಕೈ ಎತ್ತಿ ಹಿಡಿದಿದ್ದರು. ಇನ್ನೊಂದು ಕೈ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು. ಆ ಕೈಯನ್ನು ನಾನು ಇವತ್ತಿಗೂ ಕನಸಿನಲ್ಲಿ ನೋಡುತ್ತೇನೆ. ನಾನು "ಸಿಸ್ಟರ್!" ಎಂದು ಕೂಗಿದೆನಂತೆ. ನನ್ನ ನೆನಪಿನಲ್ಲಿ ನನಗೆ ಸ್ವರವೇ ಬರಲಿಲ್ಲ.

ಸಿಸ್ಟರ್ ಪೆಟ್ಟಿಗೆಯ ಹತ್ತಿರ ಹೋದರು. ಸೀರೆ ಸರಿಮಾಡಿಕೊಂಡು ಅದರ ಮೇಲೆ ಕುಳಿತುಬಿಟ್ಟರು.

ಅದೇ ಕ್ಷಣಕ್ಕೆ ಏಳು ಗಂಟೆಯಾಯಿತು.

ದಿನೇಶ್‌ರ ಕ್ವಾಲಿಟಿ ಕಂಟ್ರೋಲಿನಲ್ಲಿ ದೋಷ ಹುಡುಕುವಂತಿಲ್ಲ. ಒಂದು ಗಡಿಯಾರವೂ ಹಿಂದೆ ಬೀಳಲಿಲ್ಲ. ಮೂವತ್ತಕ್ಕೂ ಮೇಲ್ಪಟ್ಟ ಸುತ್ತಿಗೆಗಳು ಅರವತ್ತಕ್ಕೂ ಮೇಲ್ಪಟ್ಟ ಬಟ್ಟಲುಗಳಿಗೆ ಒಂದೇ ಬಾರಿಗೆ ಬಡಿದವು. ರಸ್ತೆಯಲ್ಲಿದ್ದವರೆಲ್ಲ ನೆಲಕ್ಕೆ ಬಿದ್ದರು. ಅಧಿಕಾರಿ ಗಾಡಿಯ ಹಿಂದೆ, ಕಾವಲುಗಾರ ಕಂಬದ ಹಿಂದೆ. ನಾನು ಯಾರದೋ ಶವರ್ಮಾ ಪೊಟ್ಟಣದ ಮೇಲೆ ಮುಖ ಕೆಳಗಾಗಿ ಬಿದ್ದಿದ್ದೆ. ಬೆಳ್ಳುಳ್ಳಿ ವಾಸನೆಯಲ್ಲೇ ಸಾಯುತ್ತೇನೆ ಎಂದುಕೊಂಡೆ.

ಸಾಯಲಿಲ್ಲ. ತಲೆ ಎತ್ತಿ ನೋಡಿದೆ. ಇಡೀ ರಸ್ತೆ ಅಂಗಾತವೋ ಬೋರಲೋ ಮಲಗಿದೆ. ನಡುವೆ ಗಡಗಡ ನಡುಗುವ ಪೆಟ್ಟಿಗೆಯ ಮೇಲೆ ಸಿಸ್ಟರ್ ಬೆನಡಿಕ್ಟಾ ನೆಟ್ಟಗೆ ಕುಳಿತಿದ್ದಾರೆ. ಹಾಸ್ಟೆಲಿನಲ್ಲಿ ಏಳದ ಹುಡುಗಿಯರನ್ನು ನೋಡುತ್ತಿದ್ದ ಅದೇ ಮುಖ.

ಆಗ, ಅಷ್ಟು ಹೊತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಕಾರು ಹಿಂದಿನ ಗಲ್ಲಿಯಿಂದ ಬಂತು. ಕಿಟಕಿ ಇಳಿಯಿತು. "ವಿನೂ," ನನ್ನ ಗಂಡನ ಸ್ವರ, "ಪಾರ್ಕಿಂಗ್ ಉಂಟಲ್ಲ?"

ಸಿಸ್ಟರ್ ಎರಡೂ ಕೈ ಎತ್ತಿ ಕಾವಲುಗಾರನ ಕಡೆಗೆ ಸ್ವಾಹಿಲಿಯಲ್ಲಿ ಕೂಗಿದರು, "ಸಾ! ಸಾ ತು! ದವಾ ಯಾ ವತೋತೋ!" ಬರೀ ಗಡಿಯಾರ, ಮಕ್ಕಳ ಮದ್ದಿನದ್ದು ಎಂದು. ಕಂಬದ ಹಿಂದಿನಿಂದ ಅವನ ತಲೆ ಹೊರಬಂತು. ಅವನು ಕೀನ್ಯಾದವನೇ, ಹೆಸರು ಮಾರ್ಟಿನ್. ಅರಬ್ಬಿಯಲ್ಲೂ ಗಡಿಯಾರಕ್ಕೆ, ಮದ್ದಿಗೆ ಹೆಚ್ಚುಕಡಿಮೆ ಅದೇ ಶಬ್ದಗಳಂತೆ. ಅಧಿಕಾರಿಯೂ ಮೆಲ್ಲ ಎದ್ದು ಮೊಣಕಾಲಿನ ಧೂಳು ಕೊಡವಿದರು.

"ಬಿಚ್ಚಿ," ಎಂದರು.

ಬಿಚ್ಚಲು ಆಗಬೇಕಲ್ಲ! ಗಂಟು ಹಾಕಿದ ದಿನೇಶ್‌ಗೇ ಗಂಟು ಬಿಚ್ಚಲಾಗಲಿಲ್ಲ. ಹಲ್ಲು ಹಾಕಿದರು, ಕಾರಿನ ಕೀ ಹಾಕಿದರು. ಒಳಗೆ ಗಡಿಯಾರಗಳು ಹೊಡೆಯುತ್ತಲೇ ಇದ್ದವು. "ಯಾರು ಕಟ್ಟಿದ್ದು ಇದನ್ನು?" ಎಂದು ಅಧಿಕಾರಿ ಕೇಳಿದಾಗ ನನ್ನ ಗಂಡ ಆ ಸ್ಥಿತಿಯಲ್ಲೂ ತುಸು ಹೆಮ್ಮೆಯಿಂದಲೇ "ನಾನು ಸರ್" ಎಂದರು. ಕೊನೆಗೆ ಚಹಾದಂಗಡಿಯ ಚಾಕು ಬಂತು.

ಫುಟ್‌ಪಾತಿನ ಮೇಲೆ ಗಡಿಯಾರಗಳ ಸಾಲು ಹರಡಿತು. ಒಂದೊಂದರ ಬಾಯಿ ಮುಚ್ಚಿಸಿ ಸೆಲ್ ತೆಗೆಯುತ್ತಾ ದಿನೇಶ್ ಕುಳಿತರು. ಸಿಸ್ಟರ್ ಅಕಿನಿಯ ಅಜ್ಜಿಯ ಕಥೆ ಹೇಳಿದರು, ಮಾರ್ಟಿನ್ ಅದನ್ನು ತನಗೆ ಬಂದ ಅರಬ್ಬಿಯಲ್ಲಿ ಹೇಳಿದ. ಹುಂಜದ ಜಾಗ ಬಂದಾಗ ಅಧಿಕಾರಿ "ನೀವೇ ತಿಂದಿರಾ?" ಎಂದು ಸಿಸ್ಟರ್‌ರನ್ನು ಕೇಳಿ ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಆಮೇಲೆ ಬಾಂಬಿನವರಿಗೆ ಬರುವುದು ಬೇಡವೆಂದು ತಿಳಿಸಿ, ನಮ್ಮಿಬ್ಬರ ಐಡಿ ಕಾರ್ಡ್ ನೋಡಿ ಚೆನ್ನಾಗಿ ಬೈದರು. ಬೈಗುಳ ನ್ಯಾಯವಾಗಿತ್ತು. "ಪಾರ್ಕಿಂಗಿಗೆ ಕಾರು ತನ್ನಿ. ಪೆಟ್ಟಿಗೆ ತರಬೇಡಿ. ಯಲ್ಲಾ, ಹೋಗಿ, ಅವರಿಗೆ ವಿಮಾನ ತಪ್ಪುತ್ತದೆ."

ಹೊರಡುವಾಗ ಮಾರ್ಟಿನ್ ಹಗ್ಗ ಕಟ್ಟಲು ಕೈಜೋಡಿಸಿದ. ಸಿಸ್ಟರ್‌ಗೆ ಏನೋ ಮೆಲ್ಲಗೆ ಹೇಳಿದ. ಕಾರಿನಲ್ಲಿ ಕೇಳಿದೆ. "ಅವನ ಅಕ್ಕನ ಮಗನೂ ಮಾತ್ರೆ ತೆಗೆದುಕೊಳ್ತಾನಂತೆ," ಎಂದರು ಸಿಸ್ಟರ್. ದಿನೇಶ್ ಕಾರನ್ನು ವಿಮಾನ ನಿಲ್ದಾಣದ ದಾರಿಗೆ ತಿರುಗಿಸಿದರು.

ಬೀಳ್ಕೊಡುವಾಗ ನನಗೆ ತಡೆಯಲಾಗಲಿಲ್ಲ. "ಅಷ್ಟು ಕೂಗಿದ್ರಲ್ಲ ಸಿಸ್ಟರ್, ಪೊಲೀಸಿನ ಕೈ ಎಲ್ಲಿತ್ತು ನೋಡ್ಲಿಲ್ವಾ ನೀವು?"

"ಎಂತ ನೋಡುದು ಮಾರಾಯ್ತಿ? ಕನ್ನಡಕ ಮಂಜಾಗಿತ್ತು. ಒಂದೂ ಕಾಣ್ಲಿಲ್ಲ," ಎಂದು ನಗುತ್ತಾ ಒಳಗೆ ಹೋದರು.

ಕ್ರಿಸ್‌ಮಸ್ ಹೊತ್ತಿಗೆ ಅವರಿಂದ ಒಂದು ಫೋಟೊ ಬಂತು. ಮೊದಲ ಗಡಿಯಾರ ಅಕಿನಿಯ ಮನೆಗೇ ಹೋಗಿತ್ತು. ಅಜ್ಜಿ ಅದನ್ನು ಹುಂಜದ ಹಳೆಯ ಬುಟ್ಟಿಯಲ್ಲೇ ಇಟ್ಟಿದ್ದಾಳೆ. ಸಂಜೆ ಅದು ಕೂಗಿ, ಮಗು ಮಾತ್ರೆ ನುಂಗಿದ ಮೇಲೆ ನರಿ ಹೊತ್ತೊಯ್ಯದಂತೆ ಬುಟ್ಟಿ ಕವುಚಿ ಮೇಲೊಂದು ಕಲ್ಲು ಇಡುತ್ತಾಳಂತೆ. "ರಿಪೋರ್ಟು ಒಳ್ಳೆದಾಗ್ತಾ ಬಂತು," ಎಂದು ಕೆಳಗೆ ಬರೆದಿದ್ದರು. "ಈ ಹುಂಜವನ್ನು ನನಗೆ ಬಡಿಸುವ ಹಾಗಿಲ್ಲ."

ಆ ಸಂಜೆಯನ್ನು ನಾನು ತಲೆಯೊಳಗೆ ಎಷ್ಟು ಸಲ ಓಡಿಸಿದ್ದೇನೋ ಲೆಕ್ಕವಿಲ್ಲ. ನಿದ್ದೆ ಬರದಾಗ ತಾನಾಗಿ ಓಡುತ್ತದೆ. ಒಮ್ಮೆ ಹೀಗೆ ಓಡುವಾಗ, ಅದುವರೆಗೆ ಗಮನಿಸದ ಒಂದು ಸಂಗತಿ ಕಂಡಿತು. ಚಹಾದಂಗಡಿಯ ಬಾಗಿಲಲ್ಲಿ ನಾನು ಕನ್ನಡಕ ಒರೆಸಿಕೊಂಡದ್ದು ಯಾವುದರಿಂದ? ಸಿಸ್ಟರ್‌ರ ಸೆರಗಿನಿಂದ. ಅವರು ತಮ್ಮದನ್ನು ಮೊದಲು ಒರೆಸಿ ಹಾಕಿಕೊಂಡು, ಆಮೇಲೆ ಆ ತುದಿಯನ್ನು ನನ್ನ ಕೈಗೆ ಕೊಟ್ಟಿದ್ದರು.

ಎಲ್ಲ ಕಂಡಿತ್ತು ಅವರಿಗೆ. ಆ ಕೈಯೂ ಕಂಡಿತ್ತು.

ಕೂಡಲೇ ಫೋನ್ ಮಾಡಿ ಕೇಳಿದೆ, "ಸಿಸ್ಟರ್, ಹಾಸ್ಟೆಲಿನಲ್ಲಿ ಸುಳ್ಳು ಹೇಳಿದವರಿಗೆ ಎಂತ ಶಿಕ್ಷೆ ಇತ್ತು?"

ಆ ಕಡೆಯಿಂದ ಅದೇ ನಗು. "ಏಳು ಗಂಟೆ ಆಗ್ತಾ ಬಂತು. ಫೋನ್ ಇಡು ಮಾರಾಯ್ತಿ, ಮಕ್ಕಳು ಕಾಯ್ತಾ ಇದ್ದಾರೆ."