ಹೋಗಿ ಬರುವ ಇಂಗ್ಲಿಷ್

ಬಾಯಿಗೆ ಮಾತು ಕೊಟ್ಟ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ.

ತೆಲುಗು ಸೀಮೆಯ ಉಪ್ಪಲ್‌ನ ನಮ್ಮ ಕಾಲ್ ಸೆಂಟರಿಗೆ ಸಂದರ್ಶನಕ್ಕೆ ಬಂದಿದ್ದ ರಾಯಚೂರಿನ ಶರಣಮ್ಮನಿಗೆ ಕೆಲಸ ಬೇಕೇ ಬೇಕಿತ್ತು. "ಎರಡು ಪೂರ್ತಿ ವಾಕ್ಯಗಳನ್ನು 'ಆ್ಯಂಡ್' ಹಾಕಿ ಜೋಡಿಸಮ್ಮಾ, ಅದೇ ಸಂಯುಕ್ತ ವಾಕ್ಯ," ಎಂದೆ ಅವಳ ಇಂಗ್ಲಿಷ್ ಪರೀಕ್ಷಿಸುತ್ತಿದ್ದ ನಾನು.

"ಬರವಲ್ದುರೀ ಸರ್," ಎಂದು ಹುಡುಗಿ ಎದ್ದೇಬಿಟ್ಟಳು. ನಮ್ಮ ತೆಲುಗು ಮ್ಯಾನೇಜರ್ ಆಗಲೇ ಬೇಡವೆಂದು ತಲೆಯಾಡಿಸಿದ್ದರು.

ನಮ್ಮ ಕಡೆ ಹೊರಡುವವರು ಬರೀ 'ಹೋಗ್ತೀನಿ' ಅನ್ನುವುದಿಲ್ಲ, ಅಪಶಕುನ. ಬಾಗಿಲಲ್ಲಿ ಅವಳು ಕೈಮುಗಿದು, "ಸರ್, ಐ ಆಮ್ ಗೋಯಿಂಗ್, ಆ್ಯಂಡ್ ಐ ವಿಲ್ ಕಮ್!" ಎಂದಳು.

ಮ್ಯಾನೇಜರ್ ಗೊಳ್ಳೆಂದು ನಕ್ಕರು. "ಬಂತಲ್ಲಮ್ಮಾ ವಾಕ್ಯ! ಸೋಮವಾರವೇ ಬಾ," ಎಂದರು ತೆಲುಗಿನಲ್ಲಿ.

"ಖರೇನೇನ್ರೀ?" ಎಂದು ಅವಳು ನನ್ನನ್ನೇ ಕೇಳಿದಳು.

ನನ್ನ ಪಾಠಕ್ಕೆ ಆಗದ್ದು ಅವಳಿಗೆ ಅವ್ವ ಕಲಿಸಿದ ಪದ್ಧತಿಗೆ ಆಯಿತು. ಕೇಳಿದ ನೀವೆಲ್ಲರೂ ದೇವರ ದಯೆಯಿಂದ ಎಲ್ಲೇ ಹೋದರೂ ಸುಖವಾಗಿ ಹೋಗಿ ಬನ್ನಿ.