ದೊಡ್ಡಪ್ಪನ ಗ್ರಂಥ, ದೊಡ್ಡಮ್ಮನ ತಡಿಕೆ

ಪುಸ್ತಕ ಬಿಚ್ಚಿದರೆ ಕಂಬಳಿಯ ವಾಸನೆ ಬಂದದ್ದು ನಿಮಗೆ ಎಂದಾದರೂ ಉಂಟೋ ಇಲ್ಲವೋ ಕಾಣೆ. ನನಗೆ ಮೊನ್ನೆ ಬಂತು. ದೊಡ್ಡಪ್ಪ ತೀರಿಕೊಂಡ ಮೇಲೆ ಭರಮಸಾಗರದಿಂದ ದೊಡ್ಡಮ್ಮ ಒಂದು ಚೀಲ ಪುಸ್ತಕ ಕಳಿಸಿಕೊಟ್ಟಿದ್ದರು. ಚಿತ್ರದುರ್ಗದ ನಮ್ಮ ಮನೆಯ ಮಂಚದ ಕೆಳಗೆ ಆ ಚೀಲ ಬಹಳ ದಿನ ಬಿದ್ದಿತ್ತು. ಕೊನೆಗೂ ಬಿಚ್ಚಿದಾಗ ಮೊದಲು ಕೈಗೆ ಸಿಕ್ಕಿದ್ದು ಪಾಲಿ ಭಾಷೆಯ ಹಳೆಯ ಬೌದ್ಧ ಸೂತ್ರಗಳ ಕನ್ನಡ ಅನುವಾದ. ನಡುವಿನ ಒಂದು ಪುಟದಲ್ಲಿ ಕರಿ ಉಣ್ಣೆಯ ಎಳೆಯೊಂದು ಗುರುತಾಗಿ ಮಲಗಿತ್ತು.

ಪುಟಕ್ಕೆ ಗುರುತು ಬೇಕಾದಾಗ ದೊಡ್ಡಪ್ಪ ತಾವು ಹೊದ್ದ ಕಂಬಳಿಯ ಅಂಚಿನಿಂದಲೇ ಒಂದು ಎಳೆ ಕೀಳುತ್ತಿದ್ದರು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಹೊಸದುರ್ಗ, ಹಿರಿಯೂರು ಎಂದು ಊರೂರು ತಿರುಗಿ ಮೇಷ್ಟರಾಗಿ ದುಡಿದು ನಿವೃತ್ತರಾದವರು ಅವರು. ಪಂಚೆಯಿಂದ ಪ್ಯಾಂಟಿಗೆ ಬಂದಾಗಲೂ ಕಂಬಳಿ ಬಿಟ್ಟಿರಲಿಲ್ಲ. "ಇನ್ನೊಂದೆರಡು ಗ್ರಂಥ ಓದ್ರಿ, ಹೊದಿಯಾಕೆ ಕಂಬ್ಳೀನೇ ಇರಲ್ಲ" ಎಂದು ದೊಡ್ಡಮ್ಮ ಒಳಗಿನಿಂದಲೇ ಕೂಗುತ್ತಿದ್ದರು. "ಬುದ್ಧ ಚಿಂದಿ ಹೊದ್ದಿದ್ನಂತೆ ಕಣೇ" ಎಂದು ಇವರು. "ಚಿಂದಿ ಒಗೆಯೋರು ಯಾರಿದ್ರಂತೆ?" ಎಂದು ಅವರು.

ಆಗ ನಾನು ಎಂ.ಎ. ಓದುತ್ತಿದ್ದೆ. ರಜೆಯಲ್ಲಿ ಭರಮಸಾಗರಕ್ಕೆ ಹೋದಾಗಲೆಲ್ಲ ದೊಡ್ಡಪ್ಪ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಕನ್ನಡ ಅನುವಾದ, ನನ್ನ ಕೈಯಲ್ಲಿ ಇಂಗ್ಲಿಷ್ ಅನುವಾದ. ಮೂಲ ಇಬ್ಬರಿಗೂ ಬಾರದು. ಅವರೊಂದು ಪದ್ಯ ಓದುವುದು, ನಾನು ಅದೇ ಪದ್ಯವನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳುವುದು, ಎರಡೂ ಹೊಂದದಿದ್ದರೆ ಕಾಫಿ ಬರುವವರೆಗೆ ವಾದ ಮಾಡುವುದು. ಅನುವಾದದಲ್ಲಿ ಓದುವುದೆಂದರೆ ಮಂಜುಗಾಜಿನ ಕಿಟಕಿಯಾಚೆ ನಿಂತವರ ಗುರುತು ಹಿಡಿದಂತೆ. ಯಾರೋ ಇದ್ದಾರೆ ಎಂಬುದು ಖಂಡಿತ, ಯಾರೆಂಬುದು ನಮ್ಮ ನಮ್ಮ ಊಹೆ. ಈ ಹೋಲಿಕೆ ಆಗ ಹೊಳೆದಿರಲಿಲ್ಲ. ಆಗ ನನಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು, ವಯಸ್ಸು ಹಾಗಿತ್ತು.

ಎಳೆಯಿದ್ದ ಪುಟದ ಸಂಗತಿ ಇಷ್ಟು. ನದಿಯ ದಡದಲ್ಲಿ ಒಬ್ಬ ದನಗಾಹಿಯ ಸಂಸಾರ. ಅನ್ನ ಬೆಂದಿದೆ, ಹಾಲು ಕರೆದಾಗಿದೆ, ಸೂರು ಹೊದಿಸಿದೆ, ಹೆಂಡತಿ ಮಾತು ಮೀರದವಳು. ಇನ್ನು ಮಳೆ ಬಂದರೆ ಬರಲಿ ಎಂದು ಅವನು ನೆಮ್ಮದಿಯಿಂದ ಹೇಳಿಕೊಳ್ಳುತ್ತಾನೆ. ಅಲ್ಲೇ ತಂಗಿದ್ದ ಬುದ್ಧ ಅವನ ಮಾತಿಗೆ ಮಾತು ಕೂಡಿಸುತ್ತಾನೆ: ನನಗೆ ಸೂರಿಲ್ಲ, ನನ್ನ ಬೆಂಕಿ ಆರಿದೆ, ಮಳೆ ಬಂದರೆ ಬರಲಿ. ಕೊನೆಗೆ ಹಳ್ಳ ದಿಬ್ಬ ಒಂದಾಗುವಂಥ ಮಳೆ ಬಂದೇಬಿಡುತ್ತದೆ. ಆ ಮಳೆಯಲ್ಲಿ ದನಗಾಹಿಗೆ ಏನೋ ಕಂಡು, ನಾನೂ ನನ್ನ ಹೆಂಡತಿಯೂ ನಿನ್ನ ಹಾದಿಗೆ ಬರುತ್ತೇವೆ ಎನ್ನುತ್ತಾನೆ.

ಈ ಪದ್ಯ ದೊಡ್ಡಪ್ಪನನ್ನು ಹಿಡಿದುಕೊಂಡುಬಿಟ್ಟಿತು. ಮೊದಲು ಹೆಂಚಿನ ವಿಷಯಕ್ಕೆ ಬಂತು. ಮಾಡಿನ ಹೆಂಚು ಸರಿದು ನೀರು ಇಳಿಯುತ್ತಿದ್ದರೆ, ಇಳಿಯಲಿ ಬಿಡು ಎನ್ನತೊಡಗಿದರು. "ಬುದ್ಧನ ಗುಡ್ಲು ಸೋರಿದ್ರೆ ಬುದ್ಧನ ತಲೆ ಮೇಲೆ ಸೋರ್ತೈತೆ. ನಮ್ಮನೆ ಸೋರಿದ್ರೆ ರಾಗಿ ಚೀಲದ ಮೇಲೆ ಸೋರ್ತೈತೆ. ಏಣಿ ತರ್ರಿ" ಎಂದರು ದೊಡ್ಡಮ್ಮ. ಏಣಿ ಬಂತು. ಆದರೆ ದೊಡ್ಡಪ್ಪನ ಮನಸ್ಸು ಇಳಿಯಲಿಲ್ಲ. ಅವರು ಹಿಂದೊಮ್ಮೆ ದೂರದ ಒಂದು ಬೌದ್ಧ ವಿಹಾರ ನೋಡಿ ಬಂದಿದ್ದರು. ಒಂದು ಭಾನುವಾರ ಜಗಲಿಯ ಮೇಲೆ ಪುಸ್ತಕ ಮಡಚಿ, ಇನ್ನು ನಾನು ಅಲ್ಲಿಗೇ ಹೋಗಿ ಉಳಿಯುತ್ತೇನೆ, ವಾಪಸು ಬರುವುದಿಲ್ಲ ಎಂದರು. ಹೇಳಿದ್ದು ನನಗೆ. ಕೇಳಬೇಕಾಗಿದ್ದವರು ಒಳಗೆ ರೊಟ್ಟಿ ತಟ್ಟುತ್ತಿದ್ದರು.

ರೊಟ್ಟಿ ತಟ್ಟುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ದೊಡ್ಡಮ್ಮ ಹೊಸ್ತಿಲಿಗೆ ಬಂದರು. ಮುಂದಿನದು ನನ್ನ ನೆನಪಿನಲ್ಲಿರುವಂತೆ ಹೀಗಿದೆ.

"ಆ ದನ ಕಾಯೋನು, ನಾನೂ ಹೆಂಡ್ತೀನೂ ಬರ್ತೀವಿ ಅಂದ್ನಲ್ಲ. ಅವಳೇನಂದ್ಲು?"

ದೊಡ್ಡಪ್ಪ ಪುಟ ತಿರುಗಿಸಿದರು. ನಾನೂ ತಿರುಗಿಸಿದೆ. ಕನ್ನಡದಲ್ಲೂ ಇರಲಿಲ್ಲ, ಇಂಗ್ಲಿಷಿನಲ್ಲೂ ಇರಲಿಲ್ಲ. "ಅದು ಬರ್ದಿಲ್ಲ ಕಣೇ."

"ಬರ್ದಿಲ್ವಾ, ಅವಳನ್ನ ಕೇಳೇ ಇಲ್ವಾ?"

ಆಗ ದೊಡ್ಡಮ್ಮ ತಮ್ಮ ತವರಿನ ಮಾತು ತೆಗೆದರು. ಅವರದು ಹೊಳಲ್ಕೆರೆ ಕಡೆಯ ತಾಳ್ಯ, ಕುರಿ ಸಾಕುವ ಮನೆತನ. ಅಲ್ಲಿ ಕುರಿ ಕೂಡುವ ಮುಳ್ಳುಬೇಲಿಯ ಆವರಣಕ್ಕೆ ರೊಪ್ಪ ಎನ್ನುತ್ತಾರೆ; ಅದರ ಬಾಗಿಲಿಗೆ ಹೆಣೆದ ಕಡ್ಡಿಯ ತಡಿಕೆ. "ನಮ್ಮೋರ ಮನೇಲಿ ಕುರಿ ದೂರ ಮೇವಿಗೆ ಹೊಂಡಬೇಕಾದ್ರೆ ಮನೆ ಹೆಣ್ಮಗಳು ತಡಿಕೆ ತೆಗೀಬೇಕು. ಅವಳು ತೆಗೀದಂಗೆ ಗಂಡಸು ಕೋಲು ಎತ್ತಂಗಿಲ್ಲ. ಕುರೀಗೇ ಅಷ್ಟು ರೀತಿ ಐತೆ. ನಾನು ತಡಿಕೆ ತೆಗೆಯಲ್ಲ, ಹೋಗ್ರಿ ನೋಡಾಣ."

ಹೊರಗೆ ಮಳೆ ಹೊಯ್ಯುತ್ತಿತ್ತು. ಅಥವಾ ಹೊಯ್ಯುತ್ತಿತ್ತೆಂದು ನನಗನ್ನಿಸುತ್ತದೆ. ಭಾನುವಾರಕ್ಕೊಂದು ಮಳೆ ಬೀಳುವಷ್ಟು ನಮ್ಮ ಸೀಮೆ ಪುಣ್ಯ ಮಾಡಿಲ್ಲ. ದನಗಾಹಿಯ ಮಳೆಯೇ ಪುಸ್ತಕದಿಂದ ಸೋರಿ ನನ್ನ ನೆನಪಿನೊಳಗೆ ಇಳಿದಿರಬಹುದು. ಆ ಕಾಲದ ನನ್ನ ದಿನಚರಿ ತೆಗೆದು ನೋಡಿದೆ. "ಭರಮಸಾಗರ. ಓದು. ಊಟ ಚೆನ್ನಾಗಿತ್ತು" ಎಂದಿದೆ. ಒಂದು ಸಂಸಾರ ಒಡೆಯುವ ಹೊತ್ತಿನಲ್ಲಿ ನಾನು ಊಟ ನೆನಪಿಟ್ಟುಕೊಂಡಿದ್ದೇನೆ.

ಸಂಜೆಯ ಬಸ್ಸಿಗೆ ನಾನು ಹೊರಟುಬಂದೆ. ಮುಂದಿನ ರಜೆಗೆ ಹೋದಾಗ ದೊಡ್ಡಪ್ಪ ಜಗಲಿಯ ಮೇಲೆಯೇ ಇದ್ದರು, ಕಂಬಳಿಯ ಅಂಚು ಇನ್ನಷ್ಟು ಸವೆದಿತ್ತು. ವಿಹಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದೊಡ್ಡಮ್ಮ ತಡೆದರು, ದೊಡ್ಡಪ್ಪ ಉಳಿದರು ಎಂದುಕೊಂಡೆ. ನಾನೂ ಮೇಷ್ಟರಾದ ಮೇಲೆ ತರಗತಿಗಳಲ್ಲಿ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ. ಗ್ರಂಥ ಕೇಳದ ಪ್ರಶ್ನೆಯನ್ನು ಅಡುಗೆಮನೆ ಕೇಳಿತು ಎಂದು ಮುಗಿಸಿದರೆ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು.

ಈಗ ಎಳೆ ಕೈಗೆ ಸಿಕ್ಕ ಮೇಲೆ ಅನುಮಾನ ಶುರುವಾಯಿತು. ಎರಡು ಅನುವಾದ ಇಟ್ಟುಕೊಂಡು ಒಂದು ಪದ್ಯಕ್ಕೆ ಅಷ್ಟು ಜಗಳವಾಡಿದವನು, ನನ್ನ ನೆನಪೆಂಬ ಒಂದೇ ಅನುವಾದವನ್ನು ಇಷ್ಟು ವರ್ಷ ನಂಬಿದ್ದೆ. ಇದಕ್ಕಾದರೋ ಮೂಲ ಇನ್ನೂ ಬದುಕಿದೆ, ಭರಮಸಾಗರದಲ್ಲಿದೆ. ಬಸ್ಸು ಹತ್ತಿದೆ.

ದೊಡ್ಡಮ್ಮ ಈಗ ಮಗಳು, ಅಳಿಯ, ಮೊಮ್ಮಕ್ಕಳೊಂದಿಗೆ ಅದೇ ಮನೆಯಲ್ಲಿದ್ದಾರೆ. ನಾನು ಹೋದಾಗ ಅಂಗಳದಲ್ಲಿ ಈರುಳ್ಳಿ ಹರಡಿಕೊಂಡು ಸುಲಿಯುತ್ತ ಕುಳಿತಿದ್ದರು. ಪುಸ್ತಕ ಬಿಚ್ಚಿ ಎಳೆ ತೋರಿಸಿ, ನನ್ನ ಕತೆಯನ್ನು ಅವರಿಗೇ ಹೇಳಿದೆ. ಕೇಳುತ್ತ ಕೇಳುತ್ತ ನಗತೊಡಗಿದರು.

"ಲೇ, ತಡಿಕೆ ತೆಗೆಯಲ್ಲ ಅಂತ ನಾನೆಲ್ಲಿ ಅಂದೆ? ನನ್ನನ್ನ ಕೇಳ್ರಿ, ತೆಗೀತೀನಿ ಅಂದೆ. ಮಾರನೇ ದಿನ ನಾನೇ ತೆಗ್ದೆ."

"ತೆಗೆದ್ರಾ?"

"ಹೂಂ ಮತ್ತೆ. ನೀನು ಹೋದ್ಮೇಲೆ ಮನುಷ್ಯ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು, ಹೋಗ್ಲೇನೇ ಅಂತ ಕೇಳಿದ್ರು. ಮದುವೆ ಆದಾಗಿಂದ ಒಂದಿನ ಕೇಳಿದ್ದಿಲ್ಲ. ಹಿರಿಯೂರಿಗೆ ವರ್ಗ ಆತು ನಡಿ, ಹೊಸದುರ್ಗಕ್ಕೆ ವರ್ಗ ಆತು ನಡಿ. ಅಷ್ಟೇ. ಕೇಳಿದ್ಮೇಲೆ ಹಿಡ್ಕಂಡು ಕುಂತ್ಕಳಕಾಗುತ್ತೇನಪ್ಪ? ರೊಟ್ಟಿ ಕಟ್ಟಿಕೊಟ್ಟೆ, ಗೇಟ್ ತೆಗ್ದೆ, ಹೋದ್ರು."

"ನಿಮಗೆ ಅಳು ಬರಲಿಲ್ವಾ?"

"ಬರದೇ ಏನು? ಗೇಟಲ್ಲಿ ನಿಂತು ಅತ್ರೆ ಎದುರುಮನೇರು ನೋಡಲ್ವಾ? ಒಳಗೆ ಬಂದು ಒಂದು ಮೊರ ಈರುಳ್ಳಿ ಹೆಚ್ಚಿದೆ. ನಮ್ಮತ್ತೆ, ಯಾರ ಮದುವೆ ಐತೆ ಇಷ್ಟು ಹೆಚ್ಚಿದ್ದೀಯ ಅಂದ್ಲು."

ಸಂಜೆಗೆ ದೊಡ್ಡಪ್ಪ ವಾಪಸು ಬಂದರಂತೆ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದರು. "ಬಸ್ ಸಿಗ್ಲಿಲ್ಲಂತೆ! ದುರ್ಗದಾಗೆ!" ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡರು. ಈರುಳ್ಳಿಯೋ, ನಗುವೋ, ನಾನು ಕೇಳಲಿಲ್ಲ. "ಬಂದೋರು ಮೊದ್ಲು ಏನಂದ್ರು ಗೊತ್ತಾ? ಗೇಟ್ ಯಾಕೆ ಹಾರು ಹೊಡೆದೈತೆ, ಮೇಕೆ ನುಗ್ಗಿ ದಾಸವಾಳ ಎಲ್ಲ ತಿಂದಾವೆ ಅಂತ ನನಗೇ ಬೈದ್ರು."

"ನೀವು ಯಾಕೆ ಹಾಕಿರಲಿಲ್ಲ?"

"ಮಂದೆ ಹೊಂಟ ದಿನ ಹೊತ್ತು ಮುಳುಗೋವರೆಗೂ ತಡಿಕೆ ಹಾಕಂಗಿಲ್ಲಪ್ಪ. ಕಾಲು ನೊಂದಿದ್ದು, ಗಬ್ಬ ಇದ್ದಿದ್ದು ಒಂದೊಂದು ದಾರಿಯಾಗೆ ತಿರುಗಿಬಿಡ್ತವೆ. ಬಂದಾಗ ಬಾಗ್ಲು ಇರ್ಬೇಕಲ್ಲ."

"ದೊಡ್ಡಪ್ಪ ಬರ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ಏನೂ ಗೊತ್ತಿರಲಿಲ್ಲ. ಬರಲ್ಲ ಅಂತಾನೇ ಇದ್ದೆ. ರೀತಿ ಅಂತ ತೆರೆದಿಟ್ಟೆ. ಅವ್ರು ಯಾಕೆ ಬಂದ್ರು ಅಂತ ನಾನೂ ಕೇಳಲಿಲ್ಲ. ಅವ್ರು ಹೇಳಲಿಲ್ಲ."

ಇದೇ ಮೂಲವೆಂದು ನಾನೀಗ ಬರೆದುಕೊಳ್ಳುತ್ತಿಲ್ಲ. ಇದೂ ಒಂದು ಅನುವಾದವೇ. ಗಂಡ ತೀರಿಕೊಂಡ ಮೇಲೆ ದೊಡ್ಡಮ್ಮನ ನೆನಪೂ ಮೃದುವಾಗಿರಬಹುದು. ಆದರೆ ಎಳೆ ಇದ್ದ ಪುಟ ಮಾತ್ರ ಇದೇ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ದೊಡ್ಡಪ್ಪ ಆ ಪದ್ಯವನ್ನು ಮತ್ತೆ ಓದಿದರೋ, ರೊಟ್ಟಿ ಬಿಚ್ಚಿದರೋ, ಅದಕ್ಕೆ ಯಾವ ಭಾಷೆಯಲ್ಲೂ ಅನುವಾದವಿಲ್ಲ. ದನಗಾಹಿಯ ಹೆಂಡತಿ ಮಾತಾಡದ ಜಾಗದಲ್ಲಿ ಇಷ್ಟು ವರ್ಷ ನಾನು ಒಂದು "ಇಲ್ಲ"ವನ್ನು ತುಂಬಿಕೊಂಡು ಓದುತ್ತಿದ್ದೆ. ಅಲ್ಲಿ ಅಳು ನುಂಗಿಕೊಂಡ ಒಂದು "ಹೂಂ" ಕೂಡ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಬಸ್ಸಿನ ಹೊತ್ತಾಯಿತು. ಎಳೆಯನ್ನು ಅದೇ ಪುಟದಲ್ಲಿಟ್ಟು, ಪುಸ್ತಕ ಬಗಲಿಗಿಟ್ಟುಕೊಂಡು ಎದ್ದೆ. ಹೊರಗೆ ಬಂದು ಅಭ್ಯಾಸದಂತೆ ಗೇಟು ಎಳೆದು ಚಿಲಕ ಹಾಕಲು ಹೋದೆ. ಓಣಿಯಲ್ಲಿ ಎದುರುಮನೆಯ ಮೇಕೆಯೊಂದು ದಾಸವಾಳದ ಗಿಡವನ್ನೇ ನೋಡುತ್ತ ನಿಂತಿತ್ತು.

"ಬಿಡಪ್ಪ, ಹಾಕ್ಬೇಡ" ಎಂದರು ದೊಡ್ಡಮ್ಮ ಅಂಗಳದಿಂದಲೇ. "ಇನ್ನೂ ಹೊತ್ತು ಮುಳುಗಿಲ್ಲ."